ಮರಿಗೆಯೊಳಗೊಂದು ಬೆಟ್ಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಕಲ್ಲುತೋಟದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರಬಹುದು ಅಂದುಕೊಂಡಿರಲಿಲ್ಲ. ಹೆಚ್ಚಿನವರು ಕೇಳಿದ್ದು ಒಂದೇ ವಿಷಯ. ಯೂಟ್ಯೂಬಿನಲ್ಲಿ ಕಾಣುವ ಆಲ್ಪೈನ್ ತೋಟ, ಅಂದರೆ ಹಿಮದ ಬೆಟ್ಟದ ಪುಟ್ಟ ಪುಟ್ಟ ಗಿಡಗಳನ್ನು ಕಲ್ಲಿನ ಸಂದಿಯಲ್ಲಿ ನೆಟ್ಟು ಮಾಡುವ ಮೊರದಗಲದ ಬೆಟ್ಟ, ಅದು ನಮ್ಮ ಕಾಸರಗೋಡಿನ ಅಂಗಳದಲ್ಲಿ ಆಗುತ್ತದಾ ಅಂತ. ಈ ಸಲದ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಅಡಕೆ, ಕರಿಮೆಣಸಿನ ಪ್ರಶ್ನೆ ಕಳಿಸಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ತಿಂಗಳು ಖಂಡಿತ ಬರೆಯುತ್ತೇನೆ.

ಪ್ರಶ್ನೆ: ಅಕ್ಕಾ, ಆನ್‌ಲೈನಿನಲ್ಲಿ ಯುರೋಪಿನ ಆಲ್ಪ್ಸ್ ಬೆಟ್ಟದ ಎಡೆಲ್ವೈಸ್ ಹೂವಿನ ಬೀಜ ತರಿಸಿ ಜನವರಿಯಲ್ಲಿ ಹಾಕಿದೆ. ಏಳು ಮೊಳಕೆ ಬಂತು. ಮೇ ತಿಂಗಳಲ್ಲಿ ಮೂರು ಹೋಯಿತು. ಮಳೆ ಹಿಡಿದು ಹತ್ತು ದಿನ ಆಗುವಾಗ ಉಳಿದ ನಾಲ್ಕೂ ಕೊಳೆತವು. ನೆರಳಿನಲ್ಲಿಟ್ಟು ದಿನಾ ನೀರು ಕೊಟ್ಟಿದ್ದೆ. ಎಲ್ಲಿ ತಪ್ಪಿದೆ?
ಓದುಗರು, ಬದಿಯಡ್ಕ

ಉತ್ತರ: ನಿಮ್ಮ ಆರೈಕೆಯಲ್ಲಿ ಕಡಿಮೆಯಾದದ್ದು ಏನೂ ಇಲ್ಲ. ಮೇ ತಿಂಗಳವರೆಗೆ ಅವನ್ನು ಉಳಿಸಿಕೊಂಡದ್ದೇ ದೊಡ್ಡದು. ಆ ಗಿಡ ಇಲ್ಲಿ ಬದುಕುವುದಿಲ್ಲ, ಅಷ್ಟೆ.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾದರೆ ಮುಂದೆ ದುಡ್ಡು ಉಳಿಯುತ್ತದೆ. ನಾವೆಲ್ಲ ಅಂದುಕೊಳ್ಳುವುದು ಆಲ್ಪೈನ್ ಗಿಡಕ್ಕೆ ಹಗಲಿನ ಬಿಸಿಲು ಆಗುವುದಿಲ್ಲ ಅಂತ. ಹಾಗಲ್ಲ. ಅವು ಮರಗಳೂ ಬೆಳೆಯದಷ್ಟು ಎತ್ತರದ ಜಾಗದ ಗಿಡಗಳು, ಅಲ್ಲಿ ನೆರಳೇ ಇಲ್ಲ, ಬಿಸಿಲು ಕಣ್ಣು ಕುಕ್ಕುವ ಹಾಗೆ ಇರುತ್ತದೆ. ಅವಕ್ಕೆ ಆಗದೇ ಇರುವುದು ನಮ್ಮ ರಾತ್ರಿ. ಗಿಡ ಹಗಲು ಬಿಸಿಲಿನಲ್ಲಿ ಸಕ್ಕರೆ ಮಾಡಿಕೊಳ್ಳುತ್ತದೆ, ರಾತ್ರಿ ಉಸಿರಾಡುತ್ತಾ ಅದರಲ್ಲಿ ಒಂದಷ್ಟನ್ನು ಖರ್ಚು ಮಾಡುತ್ತದೆ. ರಾತ್ರಿ ತಣ್ಣಗಿದ್ದರೆ ಖರ್ಚು ಕಡಿಮೆ. ಸೆಕೆ ಇದ್ದರೆ ಹಗಲು ದುಡಿದದ್ದೆಲ್ಲ ಬೆಳಗಾಗುವಾಗ ಖಾಲಿ. ಎತ್ತರಕ್ಕೆ ಹೋದ ಹಾಗೆ ಪ್ರತಿ 1000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಕೆ ಇಳಿಯುತ್ತದೆ. ಬದಿಯಡ್ಕದಲ್ಲಿ ಮೇ ತಿಂಗಳ ರಾತ್ರಿ 25 ಡಿಗ್ರಿ ಇದೆ ಅಂತಿಟ್ಟುಕೊಳ್ಳಿ, ಅಲ್ಲೇ ನೆಟ್ಟಗೆ 3000 ಮೀಟರ್ ಮೇಲೆ ಹೋದರೆ ಐದಾರು ಡಿಗ್ರಿ. ನಿಮ್ಮ ಎಡೆಲ್ವೈಸ್ ಕಾಯುತ್ತಿದ್ದದ್ದು ಅಂಥ ರಾತ್ರಿಗೆ. ನೀವು ನೆರಳಿಗೆ ಇಟ್ಟದ್ದರಿಂದ ಅದರ ಹಗಲಿನ ಸಂಪಾದನೆಯೂ ಕಡಿಮೆಯಾಯಿತು.

ಇನ್ನು ಮಳೆ. ಎಡೆಲ್ವೈಸ್ ಎಲೆ, ಹೂವಿನ ಮೇಲೆಲ್ಲ ಬಿಳಿ ಉಣ್ಣೆಯಂಥ ರೋಮ ಇರುತ್ತದೆ, ಅದು ಒಣ ಗಾಳಿಗೆ, ಸುಡುವ ಬಿಸಿಲಿಗೆ ಗಿಡ ಹೊದ್ದುಕೊಂಡ ಕಂಬಳಿ. ಆ ಕಂಬಳಿ ನಮ್ಮ ಜೂನ್ ಮಳೆಯಲ್ಲಿ ಒಮ್ಮೆ ನೆನೆದರೆ ಮತ್ತೆ ಒಣಗುವುದು ಯಾವಾಗ? ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ ನಿಜ, ಆದರೆ ಹಿಮದ ಅಡಿಯಲ್ಲಿ ಗಿಡ ಒದ್ದೆಯಾಗುವುದಿಲ್ಲ. ಒಣಗಿಕೊಂಡು, ಬೆಚ್ಚಗೆ ನಿದ್ದೆ ಮಾಡುತ್ತದೆ. ಇಂಗ್ಲೆಂಡಿನವರಿಗೇ ಚಳಿಗಾಲದ ಮಳೆಯಲ್ಲಿ ಇವನ್ನು ಉಳಿಸಿಕೊಳ್ಳುವುದು ಕಷ್ಟ, ಮೇಲೆ ಗಾಜಿನ ಹಲಗೆ ಮುಚ್ಚುತ್ತಾರೆ. ಲಂಡನ್ನಿನಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ನಮ್ಮಲ್ಲಿ ಜುಲೈ ಒಂದರಲ್ಲೇ ಅದಕ್ಕಿಂತ ಜಾಸ್ತಿ.

ನನ್ನದೂ ಒಂದು ಅನುಭವ ಇದೆ. ಕೆಲವು ವರ್ಷದ ಹಿಂದೆ ಊಟಿಯಿಂದ ಸೆಂಪರ್ವೈವಮ್ ತಂದಿದ್ದೆ, ಗುಲಾಬಿ ಹೂವಿನ ಹಾಗೆ ಎಲೆ ಜೋಡಿಸಿಕೊಂಡ ಪುಟ್ಟ ಗಿಡ. ಬೇಸಿಗೆ ಹೇಗೋ ದಾಟಿತು. ಆಟಿ ತಿಂಗಳ ಒಂದು ಬೆಳಗ್ಗೆ ನೋಡುವಾಗ ಅಡಿಯ ಎಲೆಗಳು ಬೇಯಿಸಿದ ನೀರುಳ್ಳಿ ಸಿಪ್ಪೆಯ ಹಾಗೆ ಪಾರದರ್ಶಕ ಆಗಿದ್ದವು. ಬೆರಳು ತಾಗಿಸಿದೆ, ಇಡೀ ಗಿಡ ಬುಡದಿಂದ ಕಳಚಿ ಕೈಗೆ ಬಂತು. ಬುಡದಲ್ಲಿ ಬೇರೇ ಇರಲಿಲ್ಲ, ಕಂದು ಬಣ್ಣದ ಲೋಳೆ ಮಾತ್ರ. ಆಮೇಲೆ ನಾನು ಆ ಗಿಡಗಳನ್ನು ತರಲಿಲ್ಲ. ಆದರೆ ಆ ತೋಟದ ಕ್ರಮ ಬಿಡಲಿಲ್ಲ. ಅದನ್ನೇ ಮುಂದಿನ ಪತ್ರಕ್ಕೆ ಉತ್ತರವಾಗಿ ಹೇಳುತ್ತೇನೆ.

ಪ್ರಶ್ನೆ: ನಮ್ಮಲ್ಲಿ ಈಗ ದನ ಇಲ್ಲ, ಹಟ್ಟಿ ಖಾಲಿ. ಅಕ್ಕಚ್ಚು ಕೊಡುತ್ತಿದ್ದ ಕಲ್ಲಿನ ಮರಿಗೆ ಹಾಗೇ ಬಿದ್ದಿದೆ. ಅತ್ತೆಯವರಿಗೆ ಅದನ್ನು ಕೊಡಲು ಮನಸ್ಸಿಲ್ಲ. ಅದರಲ್ಲಿ ಈ ತೋಟ ಮಾಡಬಹುದಾ? ಮಣ್ಣು, ಕಲ್ಲು ಹೇಗೆ?
ಗೃಹಿಣಿ, ಪೆರ್ಲ

ಉತ್ತರ: ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಮರಿಗೆ ಕೊಡಲೇಬೇಡಿ. ಇಂಗ್ಲೆಂಡಿನಲ್ಲಿ ಈ ಪುಟ್ಟ ಬೆಟ್ಟದ ತೋಟ ಶುರುವಾದದ್ದೂ ಇಂಥದ್ದೇ ಕಲ್ಲಿನಲ್ಲಿ. ಹಳ್ಳಿಯಲ್ಲಿ ದನ, ಹಂದಿಗಳಿಗೆ ಇಟ್ಟಿದ್ದ ಕಲ್ಲುಮರಿಗೆಗಳು, ಅಡಿಗೆಮನೆಯ ಹಳೇ ಕಲ್ಲಿನ ತೊಟ್ಟಿಗಳು ಮೂಲೆಗೆ ಬಿದ್ದಾಗ ಗಿಡದ ಆಸಕ್ತಿ ಇದ್ದವರು ಅವನ್ನು ತಂದು ಬೆಟ್ಟ ಕಟ್ಟಿದರು.

ಮೊದಲು ತೂತು. ನೀರು ಹೋಗುವ ತೂತು ಇಲ್ಲದಿದ್ದರೆ ಕಲ್ಲು ಕೆಲಸದವರನ್ನು ಕರೆದು ಅಡಿಯಲ್ಲಿ ಹೆಬ್ಬೆರಳು ಹೋಗುವಷ್ಟು ದೊಡ್ಡದು ಎರಡು ಮೂರು ಮಾಡಿಸಿ. ಸುಮ್ನೆ ಸುತ್ತಿಗೆಯಿಂದ ಹೊಡೆಯಬೇಡಿ, ಸೀಳಿ ಹೋಗುತ್ತದೆ. ಆಮೇಲೆ ಮರಿಗೆಯನ್ನು ನೆಲಕ್ಕೆ ತಾಗಿಸಿ ಇಡಬೇಡಿ. ಎರಡು ಮುರಕಲ್ಲಿನ ಮೇಲೆ ಕೂರಿಸಿ, ಒಂದು ಬದಿ ಎರಡು ಬೆರಳಿನಷ್ಟು ಎತ್ತರ ಇರಲಿ.

ಈಗ ಮಣ್ಣು. ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪು ಇದೆ. ಕುಂಡದ ಅಡಿಗೆ ಜಲ್ಲಿ ಹಾಕಿ ಮೇಲೆ ಮಣ್ಣು ತುಂಬಿಸಿದರೆ ನೀರು ಚೆನ್ನಾಗಿ ಇಳಿಯುತ್ತದೆ ಅಂತ ನಮ್ಮ ಅಜ್ಜಿ ಕಾಲದಿಂದ ಹೇಳಿಕೊಂಡು ಬಂದಿದ್ದೇವೆ. ಇಳಿಯುವುದಿಲ್ಲ. ಪಾತ್ರೆ ತೊಳೆಯುವ ಸ್ಪಂಜು ಒಂದನ್ನು ನೀರಿನಲ್ಲಿ ಅದ್ದಿ, ಹಿಂಡದೆ ಅಂಗೈಯಲ್ಲಿ ಮಲಗಿಸಿ ಹಿಡಿಯಿರಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ, ಮತ್ತೆ ನೀರು ಬರುತ್ತದೆ! ಮಣ್ಣೂ ಹಾಗೇ. ಅದು ತನ್ನ ಅಡಿಯ ಪದರದಲ್ಲಿ ಒಂದಷ್ಟು ನೀರನ್ನು ಹಿಡಿದುಕೊಂಡೇ ಇರುತ್ತದೆ, ಕೆಳಗೆ ಜಲ್ಲಿ ಇದ್ದರೂ ಬಿಡುವುದಿಲ್ಲ. ಜಲ್ಲಿ ಹಾಕಿದ್ದರಿಂದ ಮಣ್ಣಿನ ಆಳ ಕಡಿಮೆಯಾಗಿ ಆ ಒದ್ದೆ ಪದರ ಬೇರಿನ ಹತ್ತಿರಕ್ಕೆ ಬರುತ್ತದೆ, ಅಷ್ಟೇ ಲಾಭ. ಮಲಗಿಸಿದ ಸ್ಪಂಜಿನ ಹಾಗೆ ಆಳವಿಲ್ಲದ ಮರಿಗೆಯಲ್ಲಿ ಈ ತೊಂದರೆ ಜಾಸ್ತಿ. ಒಂದು ಬದಿ ಎತ್ತರಿಸಿ ಅಂದದ್ದು ಇದಕ್ಕೇ.

ಆದ್ದರಿಂದ ಜಲ್ಲಿ ಅಡಿಗೆ ಬೇಡ, ಮಣ್ಣಿನೊಳಗೇ ಬೆರೆಯಲಿ. ನಾನು ಹಾಕುವ ಲೆಕ್ಕ ಹೀಗೆ. ಸುಡುಮಣ್ಣು ಒಂದು ಬುಟ್ಟಿ, ದಪ್ಪ ಹೊಯಿಗೆ ಒಂದು ಬುಟ್ಟಿ, ಬೇಬಿ ಜಲ್ಲಿ ಮತ್ತು ಹಳೇ ಹಂಚಿನ ಚೂರು ಸೇರಿ ಎರಡು ಬುಟ್ಟಿ. ಹಂಚನ್ನು ಕಡಲೆಕಾಳಿನಷ್ಟು ಸಣ್ಣಗೆ ಕುಟ್ಟಿ, ಜರಡಿ ಹಿಡಿದು ಹುಡಿಯನ್ನು ತೆಗೆಯಿರಿ, ಹುಡಿ ಉಳಿದರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಹಂಚು ನೀರು ಹೀರಿಕೊಂಡು ನಿಧಾನ ಬಿಡುತ್ತದೆ, ಬೇಸಿಗೆಯಲ್ಲಿ ಉಪಕಾರ. ಎಂ ಸ್ಯಾಂಡ್ ಆದರೆ ತೊಳೆದು ಹಾಕಿ. ಕಡಲ ಹೊಯಿಗೆ ಮಾತ್ರ ಬೇಡವೇ ಬೇಡ, ಉಪ್ಪು. ಹಟ್ಟಿಗೊಬ್ಬರ ಒಂದು ಹಿಡಿ ಸಾಕು. ಗೊಬ್ಬರ ಜಾಸ್ತಿಯಾದರೆ ಗಿಡ ಉದ್ದುದ್ದ ಬೆಳೆದು ಬೆಟ್ಟದ ಅಂದವೇ ಹೋಗುತ್ತದೆ.

ಕಲ್ಲು ಒಂದೇ ಜಾತಿಯದ್ದಿರಲಿ. ನಮ್ಮಲ್ಲಿ ಮುರಕಲ್ಲಿಗಿಂತ ಒಳ್ಳೆಯದು ಯಾವುದಿದೆ? ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ ಬಗ್ಗೆ ಬರೆದ, ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಹೆಸರಿನಿಂದ. ಅದರ ತೂತು ತೂತು ಮೈಯಲ್ಲಿ ಒಂದೇ ಮಳೆಗಾಲಕ್ಕೆ ಪಾಚಿ ಹಿಡಿದು ನೂರು ವರ್ಷದ ಬಂಡೆಯ ಹಾಗೆ ಕಾಣುತ್ತದೆ. ಸಣ್ಣ ಕಲ್ಲು ಹತ್ತು ಇಡುವ ಬದಲು ದೊಡ್ಡದು ಮೂರು ಇಡಿ. ಪ್ರತಿ ಕಲ್ಲಿನ ಮೂರರಲ್ಲಿ ಒಂದು ಪಾಲು ಮಣ್ಣಿನೊಳಗೆ ಹೋಗಬೇಕು. ಮೇಲಿಟ್ಟ ಕಲ್ಲು ಇಟ್ಟ ಹಾಗೇ ಕಾಣುತ್ತದೆ, ಹೂತ ಕಲ್ಲು ಅಲ್ಲೇ ಹುಟ್ಟಿದ ಹಾಗೆ. ಎಲ್ಲ ಒಂದೇ ಬದಿಗೆ ವಾಲಿರಲಿ. ಗಿಡ ನೆಟ್ಟ ಮೇಲೆ ಕಾಣುವ ಮಣ್ಣೆಲ್ಲ ಮುಚ್ಚುವ ಹಾಗೆ ಒಂದಿಂಚು ಜಲ್ಲಿ ಹರಡಿ. ಮಳೆ ಹೊಡೆಯುವಾಗ ಕೆಸರು ಎಲೆಗೆ ಸಿಡಿಯುವುದಿಲ್ಲ, ಗಿಡದ ಕುತ್ತಿಗೆ ಒಣಗಿರುತ್ತದೆ. ಆಲ್ಪ್ಸ್‌ನಲ್ಲಿ ಬೆಟ್ಟದಿಂದ ಜಾರಿ ಬಿದ್ದ ಕಲ್ಲಿನ ಚೂರುಗಳ ನಡುವೆ ಆ ಗಿಡಗಳು ಬೆಳೆಯುವುದೂ ಹೀಗೇ.

ಗಿಡ ಯಾವುದು? ನಡುವೆ ಒಂದು ಕೇಪುಳ. ಪಾರೆಯ, ಅಂದರೆ ಮುರಕಲ್ಲಿನ ಬಯಲಿನ, ಬಿರುಕಿನಲ್ಲಿ ಗಾಳಿಗೆ ಮೈಯೊಡ್ಡಿ ಮೊಣಕಾಲೆತ್ತರಕ್ಕೇ ನಿಂತ ಕೇಪುಳ ನೋಡಿದ್ದೀರಿ ಅಲ್ವಾ, ವಿದೇಶದವರು ಸಣ್ಣ ಪೈನ್ ಗಿಡ ಇಡುವ ಜಾಗಕ್ಕೆ ಅದೇ ಸರಿ. ಮನೆಯ ಕೇಪುಳದ್ದೇ ಗೆಲ್ಲು ನೆಟ್ಟು ಬೇರು ಬರಿಸಿಕೊಳ್ಳಿ, ಚಿವುಟಿ ಚಿವುಟಿ ಗಿಡ್ಡ ಇಡಿ. ಅದರ ಬುಡದಲ್ಲಿ ವಿಷ್ಣುಕ್ರಾಂತಿ. ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ, ಬೆಳಗ್ಗೆ ಉಗುರಿನಷ್ಟು ಅಗಲದ ನೀಲಿ ಹೂ. ಜೆಂಟಿಯನ್ ಅಂತ ಒಂದು ಆಲ್ಪೈನ್ ನೀಲಿ ಹೂವಿಗಾಗಿ ಜನ ಹಂಬಲಿಸುತ್ತಾರೆ, ನನಗೆ ಈ ನೀಲಿಯೇ ಅದಕ್ಕಿಂತ ಹೆಚ್ಚು. ಬಿಸಿಲು ಬೀಳುವ ಅಂಚಿಗೆ ಹತ್ತು ಗಂಟೆ ಹೂ, ಕಲ್ಲಿನ ಹಿಂದೆ ಮಳೆ ಲಿಲ್ಲಿಯ ನಾಲ್ಕು ಗಡ್ಡೆ. ಇಷ್ಟೇ ಸಾಕು, ತುಂಬಿಸಬೇಡಿ.

ಪ್ರಶ್ನೆ: ನಮ್ಮಲ್ಲಿ ಕಲ್ಲುಮರಿಗೆ ಇಲ್ಲ. ಸಿಮೆಂಟಿನಲ್ಲಿ ಮಾಡಿಕೊಳ್ಳುವ ಕ್ರಮ ಇದೆಯಂತಲ್ಲ?
ಓದುಗರು, ಮುಳ್ಳೇರಿಯ

ಉತ್ತರ: ಇದೆ, ಹೈಪರ್‌ಟುಫಾ ಅಂತ ಹೆಸರು. ಟುಫಾ ಅಂದರೆ ತೂತು ತೂತಿನ ಸುಣ್ಣಕಲ್ಲು, ಅದನ್ನು ಹೋಲುವ ಹಾಗೆ ಮಾಡುವುದು. ಸಿಮೆಂಟ್ ಒಂದು ಪಾಲು, ಹೊಯಿಗೆ ಒಂದು, ವಿದೇಶದವರು ಹಾಕುವ ಪೀಟ್ (ಜೌಗಿನಲ್ಲಿ ಕೊಳೆತ ಪಾಚಿಯ ಹುಡಿ) ಬದಲಿಗೆ ನಮ್ಮ ತೆಂಗಿನ ನಾರಿನ ಹುಡಿ ಎರಡು ಪಾಲು. ಉಂಡೆ ಕಟ್ಟಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ನೀರು. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಸಿಮೆಂಟ್ ಚರ್ಮ ಸುಡುತ್ತದೆ. ಅಚ್ಚಿಗೆ ಮೀನಿನ ಥರ್ಮಾಕೋಲ್ ಪೆಟ್ಟಿಗೆ ಸಾಕು, ದೊಡ್ಡದರೊಳಗೆ ಸಣ್ಣದು. ನಡುವೆ ಎರಡಿಂಚು ದಪ್ಪಕ್ಕೆ ಒತ್ತಿ ತುಂಬಿಸಿ, ಅಡಿಯಲ್ಲಿ ಪಿವಿಸಿ ಪೈಪಿನ ತುಂಡಿಟ್ಟು ತೂತು ಬಿಡಿ. ಎರಡು ದಿನ ಪ್ಲಾಸ್ಟಿಕ್ ಮುಚ್ಚಿಡಿ, ಆಮೇಲೆ ಅಚ್ಚು ಬಿಚ್ಚಿ ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಕಲ್ಲಿನ ಹಾಗೆ ಒರಟಾಗುತ್ತದೆ.

ಅರ್ಜೆಂಟಿನಲ್ಲಿ ನೆಡಬೇಡಿ. ಹೊಸ ಸಿಮೆಂಟಿನಲ್ಲಿ ಸುಣ್ಣದ ಖಾರ ಇರುತ್ತದೆ. ತೂತು ಮುಚ್ಚಿ ನೀರು ತುಂಬಿಸಿ, ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಿಸುತ್ತಾ ಮೂರು ನಾಲ್ಕು ವಾರ ಬಿಡಿ. ಅಷ್ಟಾದರೂ ಇದರಲ್ಲಿ ಕೇಪುಳ ಬೇಡ. ಅದು ಹುಳಿ ಮಣ್ಣಿನ ಗಿಡ, ಸಿಮೆಂಟಿನ ಪಕ್ಕದಲ್ಲಿ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಹೊಸ ಮನೆಯ ಗೋಡೆ ಬುಡದಲ್ಲಿ ನೆಟ್ಟ ಕೇಪುಳಕ್ಕೂ ಹೀಗಾಗುವುದನ್ನು ನೀವೇ ನೋಡಿರಬಹುದು.

ಪ್ರಶ್ನೆ: ನಮ್ಮ ಮನೆಯಲ್ಲಿ ಬ್ರಹ್ಮಕಮಲ ವರ್ಷಾ ವರ್ಷ ಹೂ ಬಿಡುತ್ತದೆ. ಅದು ಹಿಮಾಲಯದ್ದು ಅಲ್ವಾ? ಅದು ಬದುಕುವುದಾದರೆ ಉಳಿದ ಹಿಮದ ಗಿಡ ಯಾಕೆ ಬದುಕುವುದಿಲ್ಲ?
ಕಾಲೇಜು ವಿದ್ಯಾರ್ಥಿನಿ, ಕುಂಬಳೆ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದೆ ಮಗಳೇ. ನಿಮ್ಮ ಮನೆಯದ್ದು ಹಿಮಾಲಯದ್ದಲ್ಲ. ಪಕ್ಕದ ಮಲಯಾಳಿ ಮನೆಯವರು ನಿಶಾಗಂಧಿ ಅನ್ನುವ ಗಿಡ ಅದು, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡಿನದ್ದು, ಕಳ್ಳಿ ಜಾತಿ. ಎಲೆಯ ಹಾಗೆ ಕಾಣುವುದು ಅದರ ಕಾಂಡ, ಅದಕ್ಕೇ ಹೂ ಎಲೆಯಿಂದ ಹೊರಟ ಹಾಗೆ ಕಾಣುತ್ತದೆ. ಸೆಕೆ, ತೇವ ಎರಡೂ ಅದಕ್ಕೆ ಹುಟ್ಟೂರಿನ ರೂಢಿ. ನಿಜವಾದ ಬ್ರಹ್ಮಕಮಲ ಉತ್ತರಾಖಂಡದ ರಾಜ್ಯಪುಷ್ಪ, ಸುಮಾರು 3700 ಮೀಟರಿಗಿಂತ ಮೇಲೆ, ಮಳೆಗಾಲದ ಸಮಯಕ್ಕೆ ಅರಳುತ್ತದೆ. ಅದರಲ್ಲಿ ನಾವು ದಳ ಅಂದುಕೊಳ್ಳುವ ತಿಳಿ ಹಳದಿ ಹಾಳೆಗಳು ಹೊದಿಕೆ ಮಾತ್ರ, ಒಳಗೆ ನೇರಳೆ ಬಣ್ಣದ ಹೂಗಳು ಚಳಿಯಿಂದ ತಪ್ಪಿಸಿಕೊಂಡು ಕೂತಿರುತ್ತವೆ. ನಿನ್ನ ಗಿಡವನ್ನು ಪ್ರೀತಿಯಿಂದ ಸಾಕು. ಈ ಕಲ್ಲುತೋಟಕ್ಕೆ ಮಾತ್ರ ಅದು ದೊಡ್ಡದಾಯಿತು.

ಪ್ರಶ್ನೆ: ನಮ್ಮ ಮನೆ ಹಿಂದಿನ ಪಾರೆಯಲ್ಲಿ ಸೋಣ ತಿಂಗಳಲ್ಲಿ ನೀಲಿ ಹೂ ಹಾಸಿದ ಹಾಗೆ ಆಗುತ್ತದೆ. ಅದನ್ನೇ ಮಣ್ಣು ಸಮೇತ ಕಿತ್ತು ಮರಿಗೆಗೆ ಹಾಕಿದರೆ ಹೇಗೆ?
ಓದುಗರು, ನೀರ್ಚಾಲು

ಉತ್ತರ: ದಯವಿಟ್ಟು ಬೇಡ. ಕೈಮುಗಿದು ಕೇಳುತ್ತೇನೆ.

ನೀವು ಹೇಳುವ ನೀಲಿ ಹೂ ಯುಟ್ರಿಕ್ಯುಲೇರಿಯಾ ಇರಬೇಕು. ಓಣಂ ಹೂವಿನ ರಂಗೋಲಿಗೆ ಕಾಕ್ಕಪ್ಪೂವು ಅಂತ ಹಾಕುತ್ತಾರಲ್ಲ, ಅದೇ. ಅದಕ್ಕೆ ನಾವು ಅಂದುಕೊಂಡಂಥ ಬೇರೇ ಇಲ್ಲ. ಪಾರೆಯ ಮೇಲಿನ ತೆಳು ನೀರಿನಲ್ಲಿ, ಒದ್ದೆ ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನು ಬಿಟ್ಟುಕೊಂಡು ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಒಮ್ಮೆ ಬಗ್ಗಿ, ನೆಲಕ್ಕೆ ಕಣ್ಣು ತಾಗುವಷ್ಟು ಹತ್ತಿರ ನೋಡಿ. ಆ ಹೂವಿನ ಪಕ್ಕದಲ್ಲೇ ಬಿಳಿ ಗುಂಡಿಯಂಥ ತಲೆಯ ಎರಿಯೊಕಾಲನ್ ಇರುತ್ತದೆ, ಅಂಚಿನಲ್ಲಿ ಕೆಂಪು ಕೂದಲ ತುದಿಯಲ್ಲಿ ಅಂಟಿನ ಹನಿ ಹಿಡಿದುಕೊಂಡ ಡ್ರೊಸೆರಾ, ಅದಕ್ಕೆ ಸಿಕ್ಕಿಕೊಂಡ ನುಸಿಯೂ ಕಂಡೀತು. ಆ ನೀರು ಆರಿದರೆ ಇವೆಲ್ಲದರ ಆಯುಸ್ಸು ಮುಗಿಯಿತು, ಬೀಜ ಮಾತ್ರ ಮುಂದಿನ ಮಳೆಗೆ ಕಾಯುತ್ತದೆ. ನೀವು ಕಿತ್ತು ತಂದರೆ ನಾಲ್ಕು ದಿನದಲ್ಲಿ ಬಾಡುತ್ತದೆ, ಪಾರೆಯಲ್ಲಿ ಮುಂದಿನ ವರ್ಷದ ಬೀಜವೂ ಹೋಯಿತು.

ಪಾರೆ ಅಂದರೆ ಬರಡು ಜಾಗ ಅಂತ ಹೇಳುವುದನ್ನು ಕೇಳಿ ಕೇಳಿ ನನಗೆ ಸಂಕಟ ಆಗಿದೆ. ಮೂರು ತಿಂಗಳು ನೀರಿನಡಿ, ಆಮೇಲೆ ಕಾದ ಕಾವಲಿ, ಬೆರಳಿನಷ್ಟೂ ಮಣ್ಣಿಲ್ಲ. ಹಿಮದ ಬೆಟ್ಟಕ್ಕಿಂತ ಇದೇನು ಸುಲಭದ ಜಾಗವಾ? ಅಲ್ಲಿ ಗಿಡಗಳು ಗಾಳಿಗೆ ತಲೆ ಎತ್ತದೆ ದಿಂಬಿನ ಹಾಗೆ ಗುಂಡಗೆ ಬೆಳೆಯುತ್ತವೆ, ಅದನ್ನು ನೋಡಲು ಜನ ಸಾವಿರಾರು ಕಿಲೋಮೀಟರ್ ಹೋಗುತ್ತಾರೆ. ನಮ್ಮ ಪಾರೆಯಲ್ಲೂ ಮಾರ್ಚ್ ಬಿಸಿಲಿಗೆ ಮುರಕಲ್ಲಿಗೆ ಅಂಟಿಕೊಂಡು, ಮುಳ್ಳು ಮುಳ್ಳಾದ ದಿಂಬಿನ ಹಾಗೆ ಲೆಪಿಡಗಾಥಿಸ್ ಬೆಳೆಯುತ್ತದೆ, ಎಲ್ಲ ಹುಲ್ಲು ಸುಟ್ಟು ಹೋದ ಮೇಲೂ ಅದರಲ್ಲಿ ಹೂ ಇರುತ್ತದೆ. ಇದರಲ್ಲಿ ಒಂದು ಜಾತಿಯ ಹೆಸರೇ ಕೇರಳೆನ್ಸಿಸ್. ಕಲ್ಲಿನ ಕೋರೆಗೆ ಹೋದ ಪಾರೆ ಮತ್ತೆ ಬರುವುದಿಲ್ಲ. ಉಳಿದದ್ದನ್ನಾದರೂ ನಾವು ಕೀಳದೆ ಇರೋಣ. ನಿಮಗೆ ಮನೆ ಹಿಂದೆಯೇ ದೊಡ್ಡ ಕಲ್ಲುತೋಟ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ, ಫೋಟೋ ತೆಗೆದು ನಮಗೂ ಕಳಿಸಿ.

ಮರಿಗೆಗೆ ನಿಮ್ಮ ಅಂಗಳದ ಬರೆಯಲ್ಲಿ ತಾನಾಗಿ ಹುಟ್ಟಿದ್ದನ್ನು ತನ್ನಿ. ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗ ಇದ್ದರೆ ಅದರ ಬಾಯಿಯ ಹತ್ತಿರದ ನೆರಳಿನಲ್ಲಿ ಇನ್ನೊಂದು ಮರಿಗೆ ಇಡಬಹುದು, ಅಲ್ಲಿನ ತಂಪಿಗೆ ಪಾಚಿ, ಸಣ್ಣ ಜರಿಗಿಡ ನೀವು ನೆಡದೆಯೇ ಬರುತ್ತವೆ.

ಪ್ರಶ್ನೆ: ಹತ್ತು ಗಂಟೆ ಹೂ ಪ್ರತಿ ಮಳೆಗಾಲ ಸಾಯುತ್ತದೆ. ಏನು ಮಾಡಲಿ?
ಓದುಗರು, ಮಂಜೇಶ್ವರ

ಉತ್ತರ: ಮೇ ಕೊನೆಗೆ ಬೆರಳುದ್ದದ ಹತ್ತು ಗೆಲ್ಲು ಕತ್ತರಿಸಿ ಸಣ್ಣ ಕುಂಡದಲ್ಲಿ ಬರೀ ಹೊಯಿಗೆಗೆ ಚುಚ್ಚಿ, ಮಾಡಿನ ಅಡಿಗೆ ಇಟ್ಟುಬಿಡಿ. ನೀರು ವಾರಕ್ಕೊಮ್ಮೆ ಒಂದು ಚಮಚ. ತುಲಾ ಮಳೆ, ಅಂದರೆ ಅಕ್ಟೋಬರ್, ನವೆಂಬರಿನ ಮಳೆ, ಮುಗಿದ ಮೇಲೆ ಮತ್ತೆ ಮರಿಗೆಗೆ. ಅಡಕೆ ಒಣಗಿಸುವ ಶೀಟಿನ ಗೂಡು ಇದ್ದವರು ಬದಿಗಳನ್ನೆಲ್ಲ ಬಿಚ್ಚಿ ಅದರಡಿ ಇಡಬಹುದು. ಬದಿ ಮುಚ್ಚಿದ್ದರೆ ಮಾತ್ರ ಬೆಂದು ಹೋಗುತ್ತದೆ.

ಪ್ರಶ್ನೆ: ನಮ್ಮ ಜತ್ತದಾಗ ಮಳಿನೇ ಕಡಿಮಿ. ಎತ್ತಿಗೆ ನೀರ ಇಡೂ ಕಲ್ಲಿನ ದೋಣಿ ಅದ. ನಮಗ ಈ ತೋಟ ಸುಲಭ ಏನ್ರಿ?
ಓದುಗರು, ಜತ್ತ, ಸಾಂಗ್ಲಿ ಜಿಲ್ಲೆ

ಉತ್ತರ: ಒಂದು ಲೆಕ್ಕಕ್ಕೆ ಸುಲಭ, ಕೊಳೆಯುವ ಭಯ ಕಡಿಮೆ. ನಿಮಗೆ ಶತ್ರು ಮಧ್ಯಾಹ್ನದ ಬಿಸಿಲು. ಕರಿಕಲ್ಲು ಕಾದರೆ ರಾತ್ರಿಯವರೆಗೂ ಆರುವುದಿಲ್ಲ, ಆದ್ದರಿಂದ ದೋಣಿ ಗೋಡೆಯ ಮೂಡು ಬದಿಗಿರಲಿ, ಹನ್ನೊಂದರ ಮೇಲೆ ನೆರಳು ಬೀಳಲಿ. ಎರೆಮಣ್ಣು ಒಂದು ಹಿಡಿಯೂ ಬೇಡ, ಹಸಿಯಾದರೆ ಅಂಟು, ಒಣಗಿದರೆ ಬಿರುಕು, ಬೇರು ಹರಿಯುತ್ತದೆ. ದಪ್ಪ ಎಲೆಯ ಹವೋರ್ಥಿಯಾ, ಸಣ್ಣ ಕತ್ತಾಳೆ, ಹತ್ತು ಗಂಟೆ ಹೂ ನಿಮ್ಮಲ್ಲಿ ಚೆನ್ನಾಗಿ ಬರುತ್ತವೆ. ಇನ್ನೊಂದು ಮಾತು, ನಿಮ್ಮ ರಾಜ್ಯದ ಸಾತಾರಾ ಹತ್ತಿರ ಕಾಸ್ ಪ್ರಸ್ಥಭೂಮಿ ಇದೆ, ಸುಮಾರು 1200 ಮೀಟರ್ ಎತ್ತರದ ಮುರಕಲ್ಲಿನ ಬಯಲು, 2012ರಲ್ಲಿ ಪಶ್ಚಿಮ ಘಟ್ಟದ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದೆ. ಸೆಪ್ಟೆಂಬರಿನಲ್ಲಿ ಒಮ್ಮೆ ಹೋಗಿ ಬನ್ನಿ. ಕಲ್ಲಿನ ನಡುವೆ ಗಿಡ ಹೇಗೆ ಕೂರುತ್ತದೆ ಅಂತ ಅಲ್ಲಿ ಅರ್ಧ ದಿನ ನೋಡಿದರೆ ನಾನು ಇಲ್ಲಿ ಬರೆದದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಪ್ರಶ್ನೆ: ನಮ್ಮ ತಾಳವಾಡಿ ತಂಪಿನ ಊರು. ಇಲ್ಲಾದರೂ ನಿಜವಾದ ಆಲ್ಪೈನ್ ಗಿಡ ಬರಬಹುದಾ?
ಓದುಗರು, ತಾಳವಾಡಿ, ಈರೋಡ್ ಜಿಲ್ಲೆ

ಉತ್ತರ: ಎಡೆಲ್ವೈಸ್, ಜೆಂಟಿಯನ್ ನಿಮ್ಮಲ್ಲೂ ಇಲ್ಲ. ದಪ್ಪ ಎಲೆಯ ಎಕೆವೇರಿಯಾ, ಕೆಲವು ಸೆಡಮ್ ಮಾತ್ರ ನಮಗಿಂತ ಚೆನ್ನಾಗಿ ಬರುತ್ತವೆ. ಮಳೆ ಜೋರಿರುವಾಗ ಮೇಲೆ ಒಂದು ಶೀಟ್ ಇರಲಿ.

ಪ್ರಶ್ನೆ: ಈಗಲೇ ಶುರು ಮಾಡಬಹುದಾ, ಮಳೆಗಾಲ ಬರಲಿ ಅಂತ ಕಾಯಬೇಕಾ?
ನಿವೃತ್ತ ಅಧ್ಯಾಪಕರು, ಆದೂರು

ಉತ್ತರ: ಮಾಸ್ಟ್ರೇ, ಕಾಯಬೇಡಿ. ಬೇರೆ ಗಿಡಕ್ಕೆ ಮಳೆಗಾಲ ಒಳ್ಳೆಯದು, ಕಲ್ಲುತೋಟಕ್ಕೆ ತುಲಾ ಮಳೆ ನಿಂತ ಕೂಡಲೇ ಶುರು ಮಾಡಬೇಕು. ಆಗ ಮಣ್ಣಿನಲ್ಲಿ ಹದ ಇರುತ್ತದೆ, ರಾತ್ರಿ ಸ್ವಲ್ಪ ತಂಪು, ಬೇರು ಹಿಡಿಯಲು ಬೇಸಿಗೆಗೆ ಮೊದಲು ಮೂರು ತಿಂಗಳು ಸಿಗುತ್ತದೆ. ಈ ವಾರ ಮರಿಗೆ ಹುಡುಕಿ ತೂತು ಮಾಡಿಸಿ, ಒಂದು ಕೊಡ ನೀರು ಸುರಿದು ನೋಡಿ. ನೀವು ಕೊಡವನ್ನು ಬಾವಿಕಟ್ಟೆಯಲ್ಲಿಟ್ಟು ವಾಪಸು ಬರುವಾಗ ಮರಿಗೆಯಲ್ಲಿ ನೀರು ಉಳಿದಿದ್ದರೆ ಇನ್ನೊಂದು ತೂತು ಬೇಕು.